ಕೆಳಗಣಹುಂಡಿಯೆಂಬ ನಮೀಬಿಯಾ

ಚೊಂಬಿನೊಳಗೆ ಕೈ ಹಾಕಿ ಚೀಟಿ ಎತ್ತಿದವನು ಅಣ್ಣಯ್ಯ. ಆದ್ದರಿಂದ ತಪ್ಪೆಲ್ಲ ಅಣ್ಣಯ್ಯನದೇ ಎಂದು ಕೆಳಗಣಹುಂಡಿ ತೀರ್ಮಾನಿಸಿತು. ಆ ಊರಿನಲ್ಲಿ ಒಂದು ನ್ಯಾಯ ಇಷ್ಟು ಬೇಗ ಬಗೆಹರಿದದ್ದು ಅದೇ ಮೊದಲು.

ಹಂಪಾಪುರದ ಮೈದಾನದಲ್ಲಿ ವರ್ಷಕ್ಕೊಮ್ಮೆ ಹೋಬಳಿ ಮಟ್ಟದ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿ ನಡೆಯುತ್ತದೆ. ಈ ಸಲ ಅದಕ್ಕೆ ವಿಶ್ವಕಪ್ ಎಂದು ಹೆಸರಿಟ್ಟು, ಆಡುವ ಎಂಟು ಊರುಗಳಿಗೂ ಒಂದೊಂದು ದೇಶದ ಹೆಸರು ಕೊಡುವುದೆಂದು ಕಮಿಟಿ ನಿರ್ಧರಿಸಿತು. ಕಮಿಟಿಯ ಅಧ್ಯಕ್ಷರು ದೊಡ್ಡಬೋರನಪುರದ ಕಂಟ್ರಾಕ್ಟರ್ ವೀರಭದ್ರಸ್ವಾಮಿ. "ಚೀಟಿ ಎತ್ತೋಣ. ಭಾರ ದೇವರ ಮೇಲೆ ಹಾಕ್ಬುಡೋಣ" ಎಂದು ಅವರೇ ಸೂಚಿಸಿದರು. ಆದರೆ ದೇವರಿಗೆ ಹೆಚ್ಚು ತೊಂದರೆ ಕೊಡಬಾರದೆಂದು ಭಾರತ, ಆಸ್ಟ್ರೇಲಿಯಾ, ಇಂಗ್ಲೆಂಡ್ ಎಂಬ ಮೂರು ಹೆಸರುಗಳನ್ನು ಕಮಿಟಿಯವರ ಮೂರು ಊರುಗಳಿಗೆ ಮೊದಲೇ ಹಂಚಿಕೊಂಡಿದ್ದರು; ಭಾರತ ಅಧ್ಯಕ್ಷರ ಊರಿಗೆ. ಪಾಕಿಸ್ತಾನದ ಹೆಸರು ಬರೆಯಲು ಯಾರೂ ಒಪ್ಪಲಿಲ್ಲ, ಆಮೇಲೆ ಠಾಣೆಗೆ ಹೋಗಿ ವಿವರಣೆ ಕೊಡುವವರು ಯಾರು? ಕೊನೆಗೆ ಚೊಂಬಿನಲ್ಲಿ ಉಳಿದದ್ದು ಐದು ಚೀಟಿ: ನೇಪಾಳ, ಒಮಾನ್, ಸ್ಕಾಟ್ಲೆಂಡ್, ಉಗಾಂಡ, ನಮೀಬಿಯಾ. ತಂಡದ ಮ್ಯಾನೇಜರ್ ಎಂದು ತನ್ನನ್ನು ತಾನೇ ನೇಮಿಸಿಕೊಂಡಿದ್ದ ಅಣ್ಣಯ್ಯ ಕಣ್ಣು ಮುಚ್ಚಿ, ಮಹದೇಶ್ವರನನ್ನು ನೆನೆದು, ನಮೀಬಿಯಾವನ್ನು ಹೊರಗೆಳೆದ.

ನಿಯಮಗಳ ಹಾಳೆಯನ್ನೂ ಅಂದೇ ಹಂಚಿದರು. ದೊಡ್ಡ ದೇಶಗಳು ಮೂರೂ ನೇರ ಸೆಮಿಫೈನಲ್ಲಿಗೆ. ಸಣ್ಣ ದೇಶಗಳು ಐದೂ ಶನಿವಾರ ಒಂದೇ ದಿನ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡು, ಉಳಿದ ಒಂದು ಭಾನುವಾರ ಬೆಳಿಗ್ಗೆ ಭಾರತದ ಮುಂದೆ ನಿಲ್ಲಬೇಕು. ಏಳನೆಯ ನಿಯಮ ಹೀಗಿತ್ತು: ಯಾವುದೇ ಕಾರಣಕ್ಕೆ ಪಂದ್ಯ ನಿಂತುಹೋದರೆ ಪಟ್ಟಿಯಲ್ಲಿ ಮೇಲಿರುವ ತಂಡ ಗೆದ್ದಂತೆ. ಪಟ್ಟಿ ಬರೆದವರು ವೀರಭದ್ರಸ್ವಾಮಿ.

ಗೆದ್ದ ಊರಿಗೆ ಹತ್ತು ಸೋಲಾರ್ ಬೀದಿದೀಪ ಬಹುಮಾನ. ಈ ಹತ್ತು ದೀಪದ ಮೇಲೆ ಅಣ್ಣಯ್ಯನಿಗೆ ಬಿದ್ದಿದ್ದ ಆಸೆ ಅಷ್ಟಿಷ್ಟಲ್ಲ. ಮುಖ್ಯರಸ್ತೆಯ ಬಸ್ ಸ್ಟಾಪಿನಿಂದ ಕೆಳಗಣಹುಂಡಿಗೆ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ. ಎರಡೂ ಬದಿ ಕಬ್ಬು, ಕಬ್ಬಿನೊಳಗೆ ಆಗಾಗ ಚಿರತೆ, ದಾರಿಯುದ್ದಕ್ಕೂ ಒಂದು ಬಲ್ಬಿಲ್ಲ. ಮಗಳು ಕಾವ್ಯಶ್ರೀ ತಾಲ್ಲೂಕು ಕೇಂದ್ರವಾದ ಕೋಟೆಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಕಾಲೇಜಿನಲ್ಲಿ ಚೆನ್ನಾಗಿ ಓದುವ ನಲವತ್ತು ಮಕ್ಕಳನ್ನು ಆರಿಸಿ ಸಂಜೆ ಆರರವರೆಗೆ ಸ್ಪೆಷಲ್ ಕ್ಲಾಸ್ ಮಾಡುತ್ತಿದ್ದರು. ಪಟ್ಟಿಯಲ್ಲಿ ಅವಳ ಹೆಸರಿತ್ತು, ಕ್ಲಾಸಿನಲ್ಲಿ ಅವಳಿರಲಿಲ್ಲ. ಆರರ ಮೇಲಿನ ಬಸ್ಸು ಹಿಡಿದರೆ ಇಳಿಯುವಾಗ ಕತ್ತಲು. ಅಣ್ಣಯ್ಯ ಹೋಗಿ ಕರೆತರೋಣವೆಂದರೆ ಅದೇ ಹೊತ್ತಿಗೆ ಅವನಿಗೆ ಡೈರಿಯಲ್ಲಿ ಸಂಜೆ ಹಾಲು ಅಳೆಯುವ ಕೆಲಸ. "ಈ ತಿಂಗಳ ಕೊನೇವರ್ಗೂ ನೋಡ್ತೀನಿ ಅಂದವ್ರೆ ಲೆಕ್ಚರರು. ಆಮೇಲೆ ನನ್ ಸೀಟು ಬೇರೆಯವ್ರಿಗಂತೆ" ಎಂದು ಅವಳು ಹೇಳಿದ ದಿನವೇ ಅಣ್ಣಯ್ಯ ಮ್ಯಾನೇಜರ್ ಆದದ್ದು.

ಇಂಥ ಹೊತ್ತಿನಲ್ಲಿ ನಮೀಬಿಯಾ.

"ಅದು ಎಲ್ಲಿ ಅದೆ ಮಾವ?" ಎಂದ ಕ್ಯಾಪ್ಟನ್ ಶಶಿ.

"ಆಫ್ರಿಕದ ಕೆಳಗಡೆ."

"ಅಲ್ಲೂ ನಾವು ಕೆಳಗಡೇನೇನಾ? ನಿಮ್ ಕೈನೇ ಸರಿಗಿಲ್ಲ ಬುಡಿ ಮಾವ."

ಮಾನ ಉಳಿಸಿಕೊಳ್ಳಲು ಅಣ್ಣಯ್ಯ ಎರಡು ದಿನ ಫೋನಿನಲ್ಲಿ ಕಣ್ಣು ನೆಟ್ಟು ಕ್ರಿಕೆಟ್ಟಿನ ಚರಿತ್ರೆ ಓದಿದ. ಮೂರನೆಯ ದಿನ ಅವನು ಪಂಡಿತನಾಗಿದ್ದ. ಅವನು ಹಾಲು ಡೈರಿಯಲ್ಲಿ ಪರೀಕ್ಷಕ, ಅಂದರೆ ಬೆಳಿಗ್ಗೆ ಸಂಜೆ ಊರಿಗೆ ಊರೇ ಅವನ ಮುಂದೆ ಕ್ಯೂ ನಿಲ್ಲಬೇಕು. ಇಂಥ ಸಭೆ ಮಂತ್ರಿಗಳಿಗೂ ಸಿಕ್ಕುವುದಿಲ್ಲ.

"ಎಂಬತ್ತಮೂರರಲ್ಲಿ ನಮ್ಮ ಇಂಡಿಯಾನೇ ಯಾರು ಮೂಸಿ ನೋಡ್ತಿದ್ರು? ಕಪ್ ತಂದ್ವೋ ಇಲ್ವೋ?" ಎನ್ನುತ್ತ ಅವನು, ನೀರು ಬೆರೆತಿದೆಯೇ ಎಂದು ನೋಡುವ ಗಾಜಿನ ಕೊಳವೆಯನ್ನು ಒಬ್ಬರ ಹಾಲಿಗೆ ಇಳಿಸುವನು. "ಎರಡು ಸಾವಿರದ ಮೂರರಲ್ಲಿ ಕೀನ್ಯಾ ಸೆಮಿಫೈನಲ್ ಆಡ್ತು. ಐರ್ಲೆಂಡು ಬೆಂಗಳೂರಲ್ಲೇ ಇಂಗ್ಲೆಂಡನ್ನ ಮಕಾಡೆ ಕೆಡವ್ತು. ಅಮೆರಿಕಾ ಪಾಕಿಸ್ತಾನಕ್ಕೆ ನೀರು ಕುಡಿಸ್ತು. ನಮ್ಮ ನಮೀಬಿಯಾ ಏನ್ ಕಮ್ಮಿನಾ? ವಿಶ್ವಕಪ್‌ನ ಮೊದಲನೇ ದಿನವೇ ಶ್ರೀಲಂಕಾನ ಮಲಗಿಸ್ತು!" ನಮ್ಮ ನಮೀಬಿಯಾ ಎನ್ನುವಾಗ ಅವನು ಎದೆ ಮುಟ್ಟಿಕೊಳ್ಳುತ್ತಿದ್ದ.

"ಆ ಕೀನ್ಯಾ ಈಗೇನ್ ಮಾಡ್ತಾ ಅದೆ?" ಎಂದು ಕ್ಯೂನಲ್ಲಿ ಯಾರೋ ಕೇಳಿದರು.

ಅಣ್ಣಯ್ಯ ಅದನ್ನೂ ಓದಿದ್ದ. ಕೀನ್ಯಾ ವಿಶ್ವಕಪ್ಪಿಗೆ ಬರುವುದೇ ನಿಂತು ಬಹಳ ವರ್ಷವಾಗಿತ್ತು. "ಮುಂದಕ್ ಬನ್ನಿ, ಮುಂದಕ್ ಬನ್ನಿ" ಎಂದ.

ಒಂದೂವರೆ ಲೀಟರ್ ಹಾಲಿನ ಗಿಣ್ಣಲು ಪಾತ್ರೆ ಹಿಡಿದು ನಿಂತಿದ್ದ ಚಿಕ್ಕಬೀರಮ್ಮನಿಗೆ ಎಪ್ಪತ್ತು ದಾಟಿತ್ತು, ನಾಲಗೆಗೆ ಮಾತ್ರ ಇಪ್ಪತ್ತು. "ಸಣ್ಣೋರು ಗೆಲ್ತಾರೆ ಅಂತೀಯಲ್ಲಪ್ಪ ಅಣ್ಣಯ್ಯ, ನನ್ ಒಂದೂವರೆ ಲೀಟ್ರಿಗೆ ದಿನಾ ಕೊಳವೆ ಇಳಿಸಿ ಡಿಗ್ರಿ ಬಂದಿಲ್ಲ ಅಂತೀಯ. ಆ ನಲವತ್ತು ಲೀಟ್ರು ಕ್ಯಾನಿಗೆ ಕೊಳವೆ ಎಲ್ಲೋಯ್ತು? ಅದಕ್ಕೆ ಕೈ ಮುಗ್ದು ಕಳಿಸ್ತೀಯ."

"ಅವ್ರು ದೊಡ್ಡ ಉತ್ಪಾದಕರು ಕಣವ್ವ. ಅವ್ರ ಹಾಲು ಯಾವಾಗ್ಲೂ ಸರಿಗಿರ್ತದೆ."

"ನೋಡ್ದೆ ಹೆಂಗ್ ಗೊತ್ತಾಯ್ತು?"

ಕ್ಯೂ ನಕ್ಕಿತು. ಅಣ್ಣಯ್ಯನೂ ನಕ್ಕ, ಕೊಳವೆಯನ್ನು ಮತ್ತೆ ಚಿಕ್ಕಬೀರಮ್ಮನ ಹಾಲಿಗೇ ಇಳಿಸಿದ. ಡೈರಿಗಳಲ್ಲಿ ಲಾಗಾಯ್ತಿನಿಂದ ನಡೆದುಬಂದಿರುವುದೇ ಹೀಗೆ. ಅದರಲ್ಲೇನೋ ತಪ್ಪಿದೆಯೆಂದು ಅವನಿಗೆ ಹೊಳೆಯಲಿಲ್ಲ.

ಹೊಳೆದದ್ದು ಬೇರೆ. ದೊಡ್ಡ ದೇಶಗಳೆಲ್ಲ ಹಂಪಾಪುರದ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿರುವಾಗ ನಮೀಬಿಯಾ ಸುಮ್ಮನಿದ್ದರೆ ಹೇಗೆ? ಕೋಟೆಯ ಫ್ಲೆಕ್ಸ್ ಅಂಗಡಿಗೆ ಫೋನು ಮಾಡಿ, ನಮೀಬಿಯಾ ಅಂತ ದೊಡ್ಡದಾಗಿ ಬರಲಿ, ತನ್ನ ಫೋಟೋ ಅದಕ್ಕಿಂತ ದೊಡ್ಡದಾಗಿ ಬರಲಿ ಎಂದು ಹೇಳಿದ. ಅಂಗಡಿಯವನು ಅಳೆದು ನೋಡಿ, "ಸರ್, ಜಾಗ ಸಾಲಲ್ಲ. ಒಂದಾ 'ಕ್ರಿಕೆಟ್ ಪಂದ್ಯಾವಳಿ' ಅನ್ನೋದು ತೆಗೀಬೇಕು, ಇಲ್ಲಾ ನಿಮ್ಮ ಹೆಸರಿನ ಕೆಳಗಿರೋ ಬಿರುದು ತೆಗೀಬೇಕು" ಎಂದ. ಬಿರುದು ಎಂದರೆ 'ಹಿರಿಯ ಹಾಲು ಪರೀಕ್ಷಕರು, ಕ್ರೀಡಾ ಪೋಷಕರು, ಸಮಾಜ ಸೇವಕರು'.

ಅಣ್ಣಯ್ಯ ಒಂದು ನಿಮಿಷ ಯೋಚಿಸಿದ. ಹಂಪಾಪುರದಲ್ಲಿ ಕ್ರಿಕೆಟ್ ನಡೆಯುವುದು ಎಲ್ಲರಿಗೂ ಗೊತ್ತು, ತಾನು ಕ್ರೀಡಾ ಪೋಷಕನೆಂಬುದು ಯಾರಿಗೂ ಗೊತ್ತಿಲ್ಲ. "ಕ್ರಿಕೆಟ್ ತೆಗೆದುಬುಡಿ" ಎಂದ.

ಅಂಗಡಿಯವನು ತನ್ನ ಪಾಲಿನ ಕೆಲಸವನ್ನೂ ಶ್ರದ್ಧೆಯಿಂದ ಮಾಡಿದ. ಕಂಪ್ಯೂಟರಿನಲ್ಲಿ ನಮೀಬಿಯಾ ಎಂದು ಹುಡುಕಿದರೆ, ಹಿಂದೆ ಆ ದೇಶದಿಂದ ವಿಮಾನದಲ್ಲಿ ಮಧ್ಯಪ್ರದೇಶದ ಕಾಡಿಗೆ ತಂದುಬಿಟ್ಟ ಚೀತಾಗಳ ಚಿತ್ರ ಸಾಲುಸಾಲಾಗಿ ಬಂದವು. ಬಾಯಿ ತೆರೆದ ಒಂದನ್ನು ಆರಿಸಿ ಮಧ್ಯದಲ್ಲಿ ಕೂರಿಸಿದ. ಮರುದಿನ ಬೆಳಿಗ್ಗೆ ಹೋಬಳಿಯ ಜನ ಕಣ್ಣುಜ್ಜಿಕೊಂಡು ಓದಿದ್ದು ಹೀಗೆ: 'ನಮೀಬಿಯಾದಿಂದ ನಮ್ಮ ಹೋಬಳಿಗೆ! ಇದೇ ಶನಿವಾರ! ಸರ್ವರಿಗೂ ಸ್ವಾಗತ ಕೋರುವವರು ಅಣ್ಣಯ್ಯ.' ಅದರ ಕೆಳಗೆ ಬಿರುದುಗಳು. ಬಾಯಿ ತೆರೆದ ಚೀತಾದ ಪಕ್ಕದಲ್ಲಿ ಕೈ ಮುಗಿದು ನಗುತ್ತಿರುವ ಅಣ್ಣಯ್ಯ.

ಕಬ್ಬಿನ ಗದ್ದೆಗೆ ಒಬ್ಬರೇ ಇಳಿಯಲು ಹೆದರುವ, ವಾರಕ್ಕೊಂದು ಮೇಕೆಯನ್ನೋ ನಾಯಿಯನ್ನೋ ಚಿರತೆಗೆ ಕೊಟ್ಟು ಕೂತಿರುವ ಊರುಗಳಿವು. ಅಲ್ಲಿ ಇಂಥ ಫ್ಲೆಕ್ಸನ್ನು ಯಾರೂ ತಮಾಷೆಯಾಗಿ ಓದುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಅಣ್ಣಯ್ಯನಿಗೆ ಪಕ್ಕದೂರಿನ ಪುಟ್ಟಮಲ್ಲಪ್ಪನಿಂದ ಫೋನು ಬಂತು. ಈತ ಮೂವತ್ತು ಮೇಕೆ ಸಾಕಿಕೊಂಡವನು. ಅವನ ಊರಿಗೆ ಸಿಕ್ಕಿದ ದೇಶ ಒಮಾನ್, ಶನಿವಾರದ ಮೊದಲ ಪಂದ್ಯ ನಮೀಬಿಯಾದ ಜೊತೆಗೆ. ಆದರೆ ಪುಟ್ಟಮಲ್ಲಪ್ಪನಿಗೆ ಕ್ರಿಕೆಟ್ಟಿನ ಗಂಧಗಾಳಿ ಇರಲಿಲ್ಲ.

"ನಮೀಬಿಯಾದ್ದು ನೋಡ್ಕತಿರೋ ಅಣ್ಣಯ್ಯನೋರು ನೀವೇಯಾ?"

"ನಾನೇ, ಹೇಳಿ" ಎಂದ ಅಣ್ಣಯ್ಯ, ಎದೆ ಉಬ್ಬಿಸಿ.

"ಎಷ್ಟು ಬತ್ತವೆ?"

"ಹನ್ನೊಂದು ಇಳಿಸ್ತೀವಿ. ಮೂರು ಎಕ್ಸ್‌ಟ್ರಾ ಇಟ್ಕಂಡಿದೀವಿ."

"ಎಲ್ಲಿ ಬುಡ್ತೀರಿ?"

"ಹಂಪಾಪುರದ ಮೈದಾನದಲ್ಲೇ. ಶನಿವಾರ ಬೆಳಿಗ್ಗೆ ಎಂಟಕ್ಕೆ."

"ಅಯ್ಯಯ್ಯೋ, ಜನ ಇರ್ತಾರಲ್ಲ ಸ್ವಾಮಿ!"

"ಜನ ಇರ್ಲಿ ಅಂತಾನೇ ಕಣ್ರೀ ಬುಡೋದು. ಜನ ಇಲ್ದಿದ್ರೆ ಅವಕ್ಕೆ ಹುರುಪು ಎಲ್ಲಿ ಬತ್ತದೆ?"

ಪುಟ್ಟಮಲ್ಲಪ್ಪ ಆ ಕಡೆ ಯಾರಿಗೋ ಮೇಕೆಗಳನ್ನು ಒಳಗೆ ಕಟ್ಟಲು ಹೇಳಿದ. "ಊಟಕ್ಕೆ?"

"ಬೆಳಿಗ್ಗೆ ಕೋಳಿ. ಕೆಲಸ ಚೆಂದಾಗಿ ಮಾಡುದ್ರೆ ಸಾಯಂಕಾಲಕ್ಕೆ ಮೇಕೆ."

"ನಮ್ಮೂರಿಗೇನೂ ತೊಂದ್ರೆ ಇಲ್ವಲ್ಲ?"

"ನಿಮ್ಮೂರನ್ನ ಮೊದ್ಲು ಮುಗಿಸ್ಕಂಡೇ ಮುಂದಕ್ಕೋಗದು" ಎಂದು ಅಣ್ಣಯ್ಯ ಗಹಗಹಿಸಿ ನಕ್ಕ.

ಮಧ್ಯಾಹ್ನದೊಳಗೆ, ಹಂಪಾಪುರದಲ್ಲಿ ನಮೀಬಿಯಾದ ಚಿರತೆ ಬಿಡಬಾರದೆಂದು ಮೂರು ಊರುಗಳ ನೂರಿಪ್ಪತ್ತು ಜನ ಸಹಿ ಹಾಕಿದ ಅರ್ಜಿ ಅರಣ್ಯ ಇಲಾಖೆಗೆ ಹೋಯಿತು. ಹೆಬ್ಬೆಟ್ಟುಗಳು ಬೇರೆ.

ಮರುದಿನ ಫಾರೆಸ್ಟ್ ಗಾರ್ಡ್ ತೇಜಸ್ ಬೈಕಿನಲ್ಲಿ ಡೈರಿಗೆ ಬಂದ. ಇನ್ನೂ ಮೀಸೆ ಬಲಿಯದ ಹುಡುಗ. "ಯಾರ ಪರ್ಮಿಷನ್ ತಗಂಡ್ ತರಿಸ್ತಿದೀರಿ?" ಎಂದು ಗದರಿಸಿದ. ಕಮಿಟಿಯ ರಸೀದಿ, ನಿಯಮಗಳ ಹಾಳೆ, ಕೊನೆಗೆ ಶಶಿಯ ಬ್ಯಾಟು ತೋರಿಸಿದ ಮೇಲೆ ಅವನಿಗೆ ಅರ್ಥವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕ, ಟೀ ಕುಡಿದ, ಆಮೇಲೆ ಗಂಭೀರನಾದ.

"ಆದ್ರೆ ಅರ್ಜಿಗೆ ನಂಬರ್ ಬಿದ್ದೋಗದೆ ಅಣ್ಣ. ನಂಬರ್ ಬಿದ್ಮೇಲೆ ಚಿರತೆ ಇಲ್ಲ ಅಂತ ನಾನ್ ಹೇಳಂಗಿಲ್ಲ. ತಂಡ ಬಂದು, ಸ್ಥಳ ಹುಡುಕಿ, ಇಲ್ಲ ಅಂತ ಬರೀಬೇಕು."

"ಯಾವಾಗ್ ಬತ್ತದೆ ತಂಡ?"

"ಜೀಪ್ ಸಿಕ್ದಾಗ. ನೀವು ಮೊದ್ಲು ಆ ಫ್ಲೆಕ್ಸ್ ಇಳಿಸ್ರಿ."

ಅಣ್ಣಯ್ಯ ಆ ಸಂಜೆಯೇ ಸರ್ಕಲ್ಲಿಗೆ ಹೋದ. ಏಣಿ ಹತ್ತಿದ. ಫೋಟೋ ಬಹಳ ಚೆನ್ನಾಗಿ ಬಂದಿತ್ತು. ಇಷ್ಟು ದೊಡ್ಡದಾಗಿ ಅವನನ್ನು ಈ ಲೋಕ ಎಂದೂ ನೋಡಿರಲಿಲ್ಲ. ಒಂದು ರಟ್ಟಿನ ಮೇಲೆ 'ಕ್ರಿಕೆಟ್' ಎಂದು ಬರೆದು ಚೀತಾದ ಬಾಲಕ್ಕೆ ಅಂಟಿಸಿ ಇಳಿದ. ರಟ್ಟು ರಾತ್ರಿಯ ಗಾಳಿಗೆ ಹಾರಿಹೋಯಿತು.

ಶನಿವಾರ ಬಂತು. ಹೇಳಿದರೆ ನಂಬುವುದಿಲ್ಲ, ಕೆಳಗಣಹುಂಡಿಯ ಹುಡುಗರು ಹುಚ್ಚು ಹಿಡಿದಂತೆ ಆಡಿದರು. ಬೆಳಿಗ್ಗೆ ಒಮಾನನ್ನು ಹೊಡೆದರು. ಮಧ್ಯಾಹ್ನ ನೇಪಾಳವನ್ನು ಹೊಡೆದರು. ಸಂಜೆ ಬಿಸಿಲಿಗೆ ಮುಖ ಸುಟ್ಟುಕೊಂಡು, ಉಗಾಂಡವನ್ನು ಸೋಲಿಸಿ ಬಂದಿದ್ದ ಸ್ಕಾಟ್ಲೆಂಡನ್ನೂ ಹೊಡೆದರು. ಅದೇ ದಿನ ಭಾರತದ ತಂಡ ಶಾಮಿಯಾನದ ನೆರಳಿನಲ್ಲಿ ಕೂತು ಎಳನೀರು ಕುಡಿಯುತ್ತ, ಸಣ್ಣ ದೇಶಗಳ ಹೋರಾಟಕ್ಕೆ ಚಪ್ಪಾಳೆ ತಟ್ಟುತ್ತಿತ್ತು. "ಇಂಥೋರು ಇದ್ರೇ ಚೆಂದ" ಎಂದು ವೀರಭದ್ರಸ್ವಾಮಿ ಮೈಕಿನಲ್ಲಿ ಹೇಳಿದರು.

ಭಾನುವಾರ ಬೆಳಿಗ್ಗೆ ಟ್ರ್ಯಾಕ್ಟರ್ ಮಾಡಿಕೊಂಡು ಊರಿಗೆ ಊರೇ ಬಂತು. ಕಾವ್ಯಶ್ರೀಯೂ ಬಂದಳು, ಅವಳಂತೆ ನಾಲ್ಕರ ಬಸ್ಸಿಗೆ ಓಡಿಬರುವ ಮತ್ತಿಬ್ಬರು ಹುಡುಗಿಯರೂ ಬಂದರು. ಮೊದಲು ಆಡಿದ ನಮೀಬಿಯಾ ಆರು ಓವರಿಗೆ ಅರವತ್ತೊಂದು ಹೊಡೆಯಿತು. ಭಾರತ ಐದು ಓವರಿಗೆ ಏಳು ವಿಕೆಟ್ ಕಳೆದುಕೊಂಡು ಮೂವತ್ತೊಂಬತ್ತಕ್ಕೆ ನಿಂತಿತ್ತು. ಉಳಿದದ್ದು ಒಂದೇ ಓವರು, ಬೇಕಾದದ್ದು ಇಪ್ಪತ್ತಮೂರು. ಚೆಂಡು ಶಶಿಯ ಕೈಯಲ್ಲಿ. ಕಾವ್ಯಶ್ರೀ ಬೌಂಡರಿ ಗೆರೆಯ ಹತ್ತಿರ ನಿಂತು ಬಸ್ ಸ್ಟಾಪಿನಿಂದ ಊರಿನವರೆಗೆ ಹತ್ತು ದೀಪವನ್ನು ಎಲ್ಲೆಲ್ಲಿ ನೆಡಬೇಕೆಂದು ಗೆಳತಿಯರ ಜೊತೆ ಬೆರಳು ಮಡಚಿ ಎಣಿಸುತ್ತಿದ್ದಳು.

ಆಗ ಜೀಪು ಸಿಕ್ಕಿತು.

ಹಿಂದೆ ಬೋನು ಕಟ್ಟಿಕೊಂಡು, ನಾಲ್ಕು ಜನ ಗಾರ್ಡುಗಳನ್ನು ಹತ್ತಿಸಿಕೊಂಡು ಅದು ನೇರ ಮೈದಾನದೊಳಕ್ಕೆ ಬಂತು. ಅಧಿಕಾರಿ ಇಳಿದು, "ಒಂದು ಅರ್ಜಿ ಇದೆ. ಹತ್ತು ನಿಮಿಷ ಎಲ್ಲರೂ ಹೊರಗಿದ್ದರೆ ನೋಡಿ ಮುಗಿಸುತ್ತೇವೆ" ಎಂದರು. ಹಿಂದೆ ನಿಂತಿದ್ದ ತೇಜಸ್ ಅಣ್ಣಯ್ಯನ ಮುಖ ನೋಡಲಾರದೆ ಬೋನಿನ ಬಾಗಿಲು ತೆರೆದು ಮುಚ್ಚಿ ಮಾಡತೊಡಗಿದ.

"ಹತ್ತು ನಿಮಿಷ ಯಾಕೆ ಸಾರ್?" ಎಂದರು ವೀರಭದ್ರಸ್ವಾಮಿ. ಅಷ್ಟೊಂದು ಕರುಣೆ ಅವರ ದನಿಯಲ್ಲಿ ಹಿಂದೆಂದೂ ಕೇಳಿಸಿರಲಿಲ್ಲ. "ಜನರ ಪ್ರಾಣಕ್ಕಿಂತ ಕ್ರಿಕೆಟ್ ದೊಡ್ಡದಾ?" ಮೈಕು ತೆಗೆದುಕೊಂಡು ಪಂದ್ಯ ನಿಂತಿದೆಯೆಂದು ಘೋಷಿಸಿ, ಅದೇ ಉಸಿರಿನಲ್ಲಿ ಏಳನೆಯ ನಿಯಮ ಓದಿದರು. ಭಾರತ ಫೈನಲ್ಲಿಗೆ ಹೋಯಿತು.

ಅಣ್ಣಯ್ಯ ಓಡಿ ಬಂದ. "ಅನ್ಯಾಯ ಕಣ್ರೀ ಇದು! ಒಂದೇ ಓವರ್ ಬಾಕಿ ಅದೆ! ಚಿರತೇನೂ ಇಲ್ಲ, ಗಿರತೇನೂ ಇಲ್ಲ!"

ವೀರಭದ್ರಸ್ವಾಮಿ ತಮ್ಮ ಫೋನು ತೆರೆದು ಫ್ಲೆಕ್ಸಿನ ಚಿತ್ರ ತೋರಿಸಿದರು. "ಈ ಫೋಟೋ ನಿಮ್ದೇ ಅಲ್ವಾ ಅಣ್ಣಯ್ಯನೋರೇ? ಸ್ವಾಗತ ಕೋರಿರೋರು ನೀವು. ಈಗ ನೀವೇ ಇಲ್ಲ ಅಂದ್ರೆ ಹೆಂಗೆ?"

ಗಾರ್ಡುಗಳು ಹುಡುಕಿದರು. ಸ್ಟೇಜಿನ ಹಿಂದೆ ಬಿರಿಯಾನಿ ತಿಂದೆಸೆದ ಎಲೆ ನೆಕ್ಕುತ್ತಿದ್ದ ಒಂದು ನಾಯಿ ಸಿಕ್ಕಿತು. ಚಿರತೆ ಇಲ್ಲವೆಂದು ಬರೆದುಕೊಂಡು ಜೀಪು ಹೊರಟಿತು. ಒಟ್ಟು ಎಂಟೇ ನಿಮಿಷ ಹಿಡಿಯಿತು. ಪ್ರಾಣಭಯ ನಿವಾರಣೆಯಾದ ಮೈದಾನದಲ್ಲಿ ಮಧ್ಯಾಹ್ನ ಫೈನಲ್ ನಡೆಯಿತು, ಭಾರತ ಗೆದ್ದಿತು. ದೊಡ್ಡಬೋರನಪುರದಲ್ಲಿ ಕಂಬಕ್ಕೊಂದು ದೀಪ ಆಗಲೇ ಇತ್ತು. ಬಹುಮಾನದ ದೀಪಗಳನ್ನು ಎಲ್ಲಿ ನೆಡುವುದೆಂದು ತಿಳಿಯದೆ ಅವರು ಸ್ಟೇಜಿನ ಮೇಲೇ ಚರ್ಚೆ ಮಾಡಿ, ಅಧ್ಯಕ್ಷರ ಇಟ್ಟಿಗೆ ಗೂಡಿನ ಸುತ್ತ ನೆಡುವುದೆಂದು ತೀರ್ಮಾನಿಸಿದರು. ಇದನ್ನು ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಕೆಳಗಣಹುಂಡಿಯವರು ಟ್ರ್ಯಾಕ್ಟರ್ ಹತ್ತುತ್ತಿದ್ದಾಗ ಮೈಕಿನಲ್ಲಿ ಅಣ್ಣಯ್ಯನ ಹೆಸರು ಕೇಳಿಸಿತು. ವೇದಿಕೆಗೆ ಬರಬೇಕಂತೆ.

"ಹೋಗಿ ಮಾವ, ನಾಲ್ಕು ಮಾತು ಉಗ್ದು ಬನ್ನಿ. ನಾವಿಲ್ಲೇ ನಿಂತಿರ್ತೀವಿ" ಎಂದ ಶಶಿ. ಅಣ್ಣಯ್ಯನೂ ಅದೇ ಉದ್ದೇಶದಿಂದ ಮೆಟ್ಟಿಲು ಹತ್ತಿದ. ಎಂಬತ್ತಮೂರರಿಂದ ಹಿಡಿದು ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅವನ ಹೆಗಲ ಮೇಲೆ ಶಾಲು ಬಿತ್ತು. ತಲೆಗೆ ಪೇಟ ಬಂತು. ಬಟ್ಟೆ ಹೊದಿಸಿದ ಕುರ್ಚಿಯೊಂದನ್ನು ಎಳೆದು, ಎರಡು ತೋಳೂ ಹಿಡಿದು ಕೂರಿಸಿದರು. ಅಂಗಿಗೆ ರೇಷ್ಮೆ ಬಟ್ಟೆಯ ಬ್ಯಾಡ್ಜು ಚುಚ್ಚಿದರು. ಅದರ ಮೇಲೆ 'ಸಹ ಸದಸ್ಯರು' ಎಂದಿತ್ತು.

"ಸಣ್ಣ ತಂಡಗಳ ದನಿ ಕಮಿಟೀಲಿ ಇರ್ಬೇಕು. ಅದಕ್ಕೆ ಅಣ್ಣಯ್ಯನೋರಿಗಿಂತ ಯೋಗ್ಯರು ಯಾರವ್ರೆ?" ಎಂದು ವೀರಭದ್ರಸ್ವಾಮಿ ಭಾಷಣ ಮಾಡಿದರು. ಕುರ್ಚಿಯಲ್ಲಿ ಕೂತ ಅಣ್ಣಯ್ಯನಿಗೆ ಕೆಳಗೆ ನಿಂತ ಜನವೆಲ್ಲ ಕಾಣುತ್ತಿದ್ದರು. ಮೇಲಿನಿಂದ ಜನ ಸಣ್ಣದಾಗಿ ಕಾಣುತ್ತಾರೆಂದು ಅವನಿಗೆ ಅಂದು ಗೊತ್ತಾಯಿತು.

ಆಮೇಲೆ ಮಡಿಲಿಗೆ ಒಂದು ಹಾಳೆ ಬಂತು. 'ಆಟದ ಗುಣಮಟ್ಟ ಕಾಪಾಡುವ ದೃಷ್ಟಿಯಿಂದ ಮುಂದಿನ ವರ್ಷದಿಂದ ಪಂದ್ಯಾವಳಿಯನ್ನು ನಾಲ್ಕು ತಂಡಗಳಿಗೆ ಸೀಮಿತಗೊಳಿಸಲು ಸಣ್ಣ ತಂಡಗಳ ಪರವಾಗಿ ಒಪ್ಪಿಗೆ ಇದೆ.' ಕೆಳಗೆ ನಾಲ್ಕು ತಂಡಗಳ ಹೆಸರಿತ್ತು. ಕೆಳಗಣಹುಂಡಿ ಇರಲಿಲ್ಲ. ಅಣ್ಣಯ್ಯ ಓದದೆ ಸಹಿ ಹಾಕಿದನೆಂದು ಹೇಳಿಬಿಡಬಹುದಿತ್ತು, ಅವನ ಬಗ್ಗೆ ನಮಗೂ ಅಷ್ಟು ದಾಕ್ಷಿಣ್ಯ ಇದೆ. ಆದರೆ ಅವನು ಪೂರ್ತಿ ಓದಿದ, ಎರಡು ಸಲ ಓದಿದ.

"ಇದು..." ಎಂದ.

"ನಿಮ್ಮ ಕುರ್ಚಿ ಪರ್ಮನೆಂಟು. ಪ್ರತಿ ವರ್ಸ ಮೊದಲನೇ ಸಾಲು" ಎಂದರು ವೀರಭದ್ರಸ್ವಾಮಿ, ಪೆನ್ನಿನ ಮುಚ್ಚಳ ತಾವೇ ತೆಗೆದುಕೊಡುತ್ತ.

ಅಣ್ಣಯ್ಯ ಸಹಿ ಹಾಕಿದ. ಫೋಟೋ ತೆಗೆದರು. ಅವನು ಕೆಳಗಿಳಿದು ನೋಡುವಾಗ ಟ್ರ್ಯಾಕ್ಟರ್ ಹೋಗಿಯಾಗಿತ್ತು.

ಸೋಮವಾರ ಬೆಳಿಗ್ಗೆ ಡೈರಿಯಲ್ಲಿ ಯಾರೂ ಅವನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವನ ಬಳಿ ಉತ್ತರ ಸಿದ್ಧವಿತ್ತು. ಚಿಕ್ಕಬೀರಮ್ಮ ಕೂಡ ಗಿಣ್ಣಲು ಇಟ್ಟು, ಹಾಲು ಸುರಿದು, ಸುಮ್ಮನೆ ಹೋದಳು.

ಮೂರು ವಾರ ಕಳೆದು ತಿಂಗಳು ಮುಗಿದ ದಿನ ಅಣ್ಣಯ್ಯ ಕಮಿಟಿಯ ಮೊದಲ ಸಭೆ ಮುಗಿಸಿಕೊಂಡು ಹಂಪಾಪುರದಿಂದ ಬಂದು ಮುಖ್ಯರಸ್ತೆಯ ಸ್ಟಾಪಿನಲ್ಲಿ ಇಳಿದ. ಸಭೆಯಲ್ಲಿ ಅವನಿಗೆ ಮಾತಾಡಲು ಅವಕಾಶ ಬಂದಿರಲಿಲ್ಲ, ಖಾರಾಬೂಂದಿ ಬಂದಿತ್ತು. ಹಿಂದೆಯೇ ಕೋಟೆಯಿಂದ ನಾಲ್ಕರ ಬಸ್ಸೂ ಬಂದು ನಿಂತಿತು. ಹಗಲು ಇನ್ನೂ ಚೆನ್ನಾಗಿತ್ತು. ಕಾವ್ಯಶ್ರೀ ಇಳಿದಳು.

"ಇವತ್ತೂ ಇದೇ ಬಸ್ಸಾ ಮಗ?" ಎಂದ.

"ಇನ್ಮೇಲೆ ಇದೇ ಬಸ್ಸು ಕಣಪ್ಪ. ಸ್ಪೆಷಲ್ ಕ್ಲಾಸಿಂದ ನನ್ ಹೆಸ್ರು ತೆಗೆದ್ರು."

"ಯಾರಿಗ್ ಕೊಟ್ರು ನಿನ್ ಸೀಟ?"

"ದೊಡ್ಡಬೋರನಪುರದ ಹುಡುಗಿಗೆ. ಅವ್ಳು ಎಷ್ಟೊತ್ತಾದ್ರೂ ಇರ್ತಾಳೆ. ಅವ್ರೂರಲ್ಲಿ ಲೈಟದೆಯಲ್ಲ."

ಅಣ್ಣಯ್ಯ ಗಂಟಲು ಸರಿಮಾಡಿಕೊಂಡ. "ಮುಂದಿನ ಮೀಟಿಂಗಲ್ಲಿ ನಾನು ಈ ವಿಚಾರಾನ..."

"ಅಪ್ಪ" ಎಂದಳು ಕಾವ್ಯಶ್ರೀ. ಸಿಟ್ಟಿರಲಿಲ್ಲ ಆ ದನಿಯಲ್ಲಿ, ಸಾಕಾಗಿಹೋಗಿತ್ತು ಅಷ್ಟೆ. "ಮೊದ್ಲು ಆ ಬ್ಯಾಡ್ಜ್ ತೆಗೆದು ಜೇಬಿಗ್ ಹಾಕ್ಕೋ. ಹಿಂದೆ ನಮ್ಮೂರ ಹುಡುಗೀರು ಇಳೀತಾ ಅವ್ರೆ."